ಆಪತ್ಕಾಲದಲ್ಲಿ ಸಂಸ್ಥೆಗಳ ಸಹಕಾರ

ವಾಡಿ ಜಂಕ್ಷನ್ನಿನಲ್ಲಿ ರಾತ್ರಿಯ ಹೊತ್ತು ಇಳಿದು ನಿಂತವರಿಗೆ ಎರಡು ಸಂಗತಿಗಳು ಕಾಣುತ್ತವೆ. ಒಂದು, ಸಿಮೆಂಟ್ ಕಾರ್ಖಾನೆಯ ದೀಪಗಳ ಸಾಲು. ಇನ್ನೊಂದು, ಹಳಿಗಳು ಕವಲೊಡೆಯುವ ರೀತಿ. ಸೊಲ್ಲಾಪುರದ ಕಡೆಯಿಂದ ಶಹಾಬಾದನ್ನು ದಾಟಿ ಬಂದ ಮಾರ್ಗದ ಒಂದು ಕವಲು ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿನತ್ತ ಹೊರಳುತ್ತದೆ; ಮತ್ತೊಂದು ಯಾದಗಿರಿ, ರಾಯಚೂರುಗಳ ಮೇಲೆ ದಕ್ಷಿಣಕ್ಕೆ ಸಾಗುತ್ತದೆ. ಸೊಲ್ಲಾಪುರದಿಂದ ವಾಡಿಯವರೆಗಿನ ಆಡಳಿತ ಮಧ್ಯ ರೈಲ್ವೆಯದು. ಸಿಕಂದರಾಬಾದಿನ ದಾರಿ ದಕ್ಷಿಣ ಮಧ್ಯ ರೈಲ್ವೆಯದು. ಗಾಡಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಪ್ರಯಾಣಿಕನಿಗೆ ತಿಳಿಯುವುದೇ ಇಲ್ಲ. ಆತ ಸುಖವಾಗಿ ನಿದ್ರಿಸುತ್ತಿರುತ್ತಾನೆ. ಬರುವ ಗಾಡಿ ಯಾವುದು, ಎಷ್ಟು ಹೊತ್ತಿಗೆ ಬರುತ್ತದೆ, ಅದನ್ನು ಯಾವ ಹಳಿಗೆ ಬಿಡಬೇಕು ಎಂಬುದು ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುವುದರಿಂದಲೇ ಇದು ಸಾಧ್ಯವಾಗುತ್ತದೆ.

ನಿತ್ಯದ ಕೆಲಸದಲ್ಲಿ ಇಂತಹ ಏರ್ಪಾಡು ಸುಲಭ. ಆದರೆ ಇಡೀ ನಾಡಿಗೆ ಏಕಕಾಲದಲ್ಲಿ ವಿಪತ್ತು ಬಂದೆರಗಿದಾಗ, ಹಿಂದೆಂದೂ ಒಟ್ಟಿಗೆ ಕೆಲಸ ಮಾಡದ ಹತ್ತಾರು ಸಂಸ್ಥೆಗಳು ಒಂದೇ ಹಳಿಯ ಮೇಲೆ ಬಂದು ನಿಲ್ಲುತ್ತವೆ. ಆಗ ಏನಾಗುತ್ತದೆ? ಕಲಬುರಗಿ ಜಿಲ್ಲೆಯ ಪೂರ್ವಭಾಗದ ಊರುಗಳು ಇದನ್ನು 2020ರಲ್ಲಿ ಒಂದೇ ವರ್ಷದೊಳಗೆ ಎರಡು ಸಲ ಕಂಡವು.

ಈ ಸೀಮೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇದು ಸುಣ್ಣಕಲ್ಲಿನ ನೆಲ, ತೊಗರಿಯ ಕಣಜ. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಚಿಂಚೋಳಿಗೆ ರೈಲಿಲ್ಲ; ಅಲ್ಲಿ ಕಾಡುಂಟು, ತಾಂಡಾಗಳುಂಟು, ತೆಲಂಗಾಣದ ಗಡಿಯುಂಟು. ಮನೆಮಾತು ಕನ್ನಡವೂ ಹೌದು, ಉರ್ದುವೂ ಹೌದು, ಲಂಬಾಣಿಯೂ ಹೌದು, ಗಡಿಯಂಚಿನಲ್ಲಿ ತೆಲುಗೂ ಹೌದು. ಮಳೆ ಕೈಕೊಟ್ಟರೆ ಇಲ್ಲಿನ ಬಡ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವುದು ಬಹುಕಾಲದ ರೂಢಿ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವರಲ್ಲಿ, ರಸ್ತೆಗೆ ಜಲ್ಲಿ ಹಾಸುವವರಲ್ಲಿ ಈ ತಾಲ್ಲೂಕುಗಳ ಜನ ಬಹಳ.

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರ ಗಂಟಲಿನ ದ್ರವದ ಮಾದರಿಯನ್ನು ಕಲಬುರಗಿಯಲ್ಲಿ ತೆಗೆದು ಪರೀಕ್ಷೆಗೆಂದು ಬೆಂಗಳೂರಿಗೆ ಕಳುಹಿಸಲಾಗಿತ್ತು. ಅವರಿಗೆ ಕೊರೊನಾ ಸೋಂಕು ತಗುಲಿತ್ತೆಂಬುದು ಮಾರ್ಚ್ 12ರಂದು ಖಚಿತವಾಯಿತು. ಭಾರತದಲ್ಲಿ ಕೋವಿಡ್ ರೋಗದಿಂದ ಸಂಭವಿಸಿದ ಮೊದಲನೆಯ ಮರಣವೆಂದು ದಾಖಲಾದುದು ಇದೇ. ಈ ಎರಡು ದಿನಗಳ ಅಂತರವನ್ನು ಗಮನಿಸಿರಿ. ರೋಗಿ ಒಂದೂರಿನಲ್ಲಿ, ಪರೀಕ್ಷಾಲಯ ಆರುನೂರು ಕಿಲೋಮೀಟರಿನಷ್ಟು ದೂರದ ಇನ್ನೊಂದೂರಿನಲ್ಲಿ ಇದ್ದರೆ, ನಡುವೆ ಕಳೆಯುವ ಪ್ರತಿ ಗಂಟೆಯೂ ರೋಗದ ಪಾಲು. ಮುಂದೆ ಕಲಬುರಗಿಯಲ್ಲಿಯೇ ಪರೀಕ್ಷೆ ಆರಂಭವಾಯಿತು. ಏಪ್ರಿಲ್ ತಿಂಗಳಲ್ಲಿ ಶಹಾಬಾದ್, ವಾಡಿಗಳಲ್ಲಿಯೂ ಸೋಂಕು ಕಾಣಿಸಿಕೊಂಡಿತು.

ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತ್ತು. ಪರಸ್ಥಳದಲ್ಲಿ ಸಿಕ್ಕಿಬಿದ್ದ ದುಡಿಮೆಗಾರರಿಗಾಗಿ ಮೇ ತಿಂಗಳಿನಿಂದ ವಿಶೇಷ ರೈಲುಗಳು ಹೊರಟವು. ಮುಂಬಯಿಯಿಂದ ಕಲಬುರಗಿಗೆ ಬಂದಿಳಿದವರನ್ನು ಬಸ್ಸುಗಳಲ್ಲಿ ಅವರವರ ತಾಲ್ಲೂಕಿಗೆ ಒಯ್ದು, ಶಾಲೆಗಳಲ್ಲಿ, ವಸತಿನಿಲಯಗಳಲ್ಲಿ ಪ್ರತ್ಯೇಕವಾಗಿ ಇರಿಸಲಾಯಿತು. ಇದರಲ್ಲಿ ಎಷ್ಟು ಕೈಗಳು ಕೂಡಿದ್ದವೆಂಬುದನ್ನು ಯೋಚಿಸಿ ನೋಡೋಣ. ರೈಲು ಕೇಂದ್ರ ಸರ್ಕಾರದ್ದು. ಬಸ್ಸು ಸಾರಿಗೆ ಸಂಸ್ಥೆಯದು. ಶಾಲೆಯ ಕಟ್ಟಡ ಶಿಕ್ಷಣ ಇಲಾಖೆಯದು. ಅದರ ಬೀಗದ ಕೈ ಮುಖ್ಯೋಪಾಧ್ಯಾಯರಲ್ಲಿ. ವಸತಿನಿಲಯ ಸಮಾಜ ಕಲ್ಯಾಣ ಇಲಾಖೆಯದು. ಬಾಗಿಲಲ್ಲಿ ಕಾವಲು ಪೊಲೀಸರದು. ಜ್ವರ ನೋಡುವವರು ಆರೋಗ್ಯ ಇಲಾಖೆಯವರು. ನೀರು, ಕಸ, ದೀಪ ಗ್ರಾಮ ಪಂಚಾಯಿತಿಯದು. ಊಟ ಕೆಲವೆಡೆ ಸರ್ಕಾರದ್ದು, ಕೆಲವೆಡೆ ಮಠದ್ದು, ಕೆಲವೆಡೆ ತರುಣರ ಸಂಘದ್ದು. ಇವರಲ್ಲಿ ಯಾರೊಬ್ಬರೂ ಮತ್ತೊಬ್ಬರ ನೌಕರರಲ್ಲ. ಮುಖ್ಯೋಪಾಧ್ಯಾಯರಿಗೆ ಅಪ್ಪಣೆ ಕೊಡುವ ಅಧಿಕಾರ ವೈದ್ಯರಿಗಿಲ್ಲ. ವೈದ್ಯರಿಗೆ ಅಪ್ಪಣೆ ಕೊಡುವ ಅಧಿಕಾರ ಪಂಚಾಯಿತಿಗಿಲ್ಲ. ಆದರೂ ಕೋಣೆಯೊಳಗೆ ಕುಳಿತ ತಾಯಿಗೆ ಮಗುವಿನ ಹಾಲು ಹೊತ್ತಿಗೆ ಸರಿಯಾಗಿ ಬರಬೇಕು.

ಎಡವುವುದು ಎಲ್ಲಿ? ಸಾಮಾನ್ಯವಾಗಿ ನಾವು ಹಣದ ಕೊರತೆಯೆಂದೋ ಮನಸ್ಸಿನ ಕೊರತೆಯೆಂದೋ ಹೇಳಿಬಿಡುತ್ತೇವೆ. ನನಗೆ ತೋರುವಂತೆ, ಬಹಳ ಸಲ ಎಡವುವುದು ಪಟ್ಟಿಯಲ್ಲಿ. ಚಿಂಚೋಳಿಯ ಕಡೆಯ ಒಂದು ತಾಂಡಾವನ್ನು ಊಹಿಸಿಕೊಳ್ಳೋಣ. ಪುಣೆಯಿಂದ ಐದು ಜನರ ಒಂದು ಕುಟುಂಬ ಹಿಂದಿರುಗಿದೆ. ಗಡಿಯ ತಪಾಸಣಾ ಠಾಣೆಯಲ್ಲಿ ಅವರ ಹೆಸರು ಗಂಡನ ಹೆಸರಿನಲ್ಲಿ ಬರೆಯಲ್ಪಟ್ಟಿತು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಗರ್ಭಿಣಿಯಾದ ಹೆಂಡತಿಯ ಹೆಸರಿತ್ತು. ಪಡಿತರ ಚೀಟಿ ಮುದುಕಿಯಾದ ತಾಯಿಯ ಹೆಸರಿನಲ್ಲಿತ್ತು. ಈಗ ಮೂರು ಪಟ್ಟಿಗಳಲ್ಲಿ ಮೂರು ಕುಟುಂಬಗಳು, ತಾಂಡಾದಲ್ಲಿರುವುದು ಒಂದೇ. ಮೂರು ಸಂಸ್ಥೆಗಳು ಮೂರು ಸಲ ಅವರ ಬಾಗಿಲಿಗೆ ಬರಬಹುದು. ಪಕ್ಕದ ಗುಡಿಸಲು ಯಾವ ಪಟ್ಟಿಯಲ್ಲಿಯೂ ಇಲ್ಲದೆ ಹಸಿದುಕೊಂಡಿರಬಹುದು. ತಪ್ಪು ಯಾರದು? ಮೂವರೂ ತಂತಮ್ಮ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದ್ದಾರೆ. ಸಂಜೆಗೊಮ್ಮೆ ಮೂರೂ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿಟ್ಟು ತಾಳೆ ನೋಡಲಿಲ್ಲ, ಅಷ್ಟೆ.

ಆ ಮೇಜನ್ನು ಒದಗಿಸುವ ಉದ್ದೇಶದಿಂದಲೇ ಆ ಕಾಲದಲ್ಲಿ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಕಾರ್ಯಪಡೆಗಳನ್ನು ರಚಿಸಲಾಯಿತು. ದುಡಿಮೆ ಕಳೆದುಕೊಂಡು ಬಂದವರಿಗೆ ಉದ್ಯೋಗ ಖಾತರಿ ಯೋಜನೆಯಲ್ಲಿ ಕೆಲಸ ಕೊಡುವ ಹೊಣೆಯೂ ಪಂಚಾಯಿತಿಯದೇ ಆಯಿತು. ಆ ವರ್ಷ ಕರ್ನಾಟಕದಲ್ಲಿ ಅದರ ದಿನಗೂಲಿ 275 ರೂಪಾಯಿ. ಆದರೆ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಗ್ರಾಮ ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ ಅದೇ ವರ್ಷದ ನಡುವೆ ಮುಗಿದುಹೋಯಿತು. ಹೊಸ ಚುನಾವಣೆ ನಡೆದದ್ದು ಡಿಸೆಂಬರಿನಲ್ಲಿ. ನಡುವಣ ತಿಂಗಳುಗಳಲ್ಲಿ ಆಡಳಿತಾಧಿಕಾರಿಗಳಿದ್ದರು. ಅಧಿಕಾರಿ ದಕ್ಷನಿರಬಹುದು, ಆದರೆ ಯಾವ ಓಣಿಯ ಯಾವ ಮನೆಯಲ್ಲಿ ಒಂಟಿ ಮುದುಕನಿದ್ದಾನೆಂಬುದು ಆ ಓಣಿಯಿಂದ ಆರಿಸಿಬಂದವನಿಗೆ ತಿಳಿದಿರುವಷ್ಟು ಅಧಿಕಾರಿಗೆ ತಿಳಿದಿರುವುದು ಕಷ್ಟ.

ಓಣಿಯನ್ನು ಬಲ್ಲವರು ಇನ್ನೊಬ್ಬರಿದ್ದರು. ಅವರೇ ಆಶಾ ಕಾರ್ಯಕರ್ತೆಯರು. ಗ್ರಾಮೀಣ ಆರೋಗ್ಯಕ್ಕಾಗಿ 2005ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಅವರು ನೌಕರರಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿಯರು. ಕೊರೊನಾ ಕಾಲದಲ್ಲಿ ಮನೆಮನೆಯ ಸಮೀಕ್ಷೆ ಅವರ ಪಾಲಿಗೆ ಬಂದಿತು. ಕೆಲವೆಡೆ ಜನ ಅವರನ್ನು ಬಾಗಿಲಿನಿಂದಲೇ ಅಟ್ಟಿದರು. 2020ರ ಜುಲೈ ತಿಂಗಳಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ಸಾಕಷ್ಟು ರಕ್ಷಣಾ ಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ರೋಗ ಏರುತ್ತಿರುವಾಗ ಮುಷ್ಕರವೇ ಎಂದು ಹುಬ್ಬುಗಂಟಿಕ್ಕಿದವರುಂಟು. ಆದರೆ ಸಹಕಾರವೆಂಬ ಮಾತನ್ನು ಆಡುವಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಹತ್ತು ಸಂಸ್ಥೆಗಳು ಸಭೆ ಸೇರಿ ನಿರ್ಣಯ ಮಾಡಿ, ಆ ನಿರ್ಣಯದ ಭಾರವನ್ನೆಲ್ಲ ಸಭೆಯಲ್ಲಿ ಕುರ್ಚಿಯಿಲ್ಲದ ಒಬ್ಬಳ ಹೆಗಲಿಗೆ ಏರಿಸಿದರೆ ಅದು ಸಹಕಾರವೆನಿಸಲಾರದು. ಕೈಚೀಲ ಹಿಡಿದು ಬಿಸಿಲಿನಲ್ಲಿ ನಡೆಯುವವಳಿಗೆ ಮೊದಲು ಮುಖಗವಸು ಸಿಗಬೇಕು. ಆಮೇಲೆ ಆಕೆಯಿಂದ ವರದಿ ಕೇಳಬೇಕು.

ಹೀಗಿರಲು ಅದೇ ವರ್ಷದ ಅಕ್ಟೋಬರಿನಲ್ಲಿ ಎರಡನೆಯ ವಿಪತ್ತು ಬಂದಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವು ಅಕ್ಟೋಬರ್ 13ರಂದು ಕಾಕಿನಾಡದ ಸಮೀಪ ದಡ ಸೇರಿ, ತೆಲಂಗಾಣವನ್ನು ತೊಯ್ಯಿಸುತ್ತ ಪಶ್ಚಿಮಕ್ಕೆ ಸರಿಯಿತು. ಹೈದರಾಬಾದು ಮುಳುಗಿದ ಸುದ್ದಿ ಎಲ್ಲರಿಗೂ ತಿಳಿದದ್ದೇ. ಅದೇ ಮಳೆ ಕಾಗಿಣಾ ನದಿಯ ಪಾತ್ರದಲ್ಲಿಯೂ ಸುರಿಯಿತು.

ಕಾಗಿಣೆಯ ಮಾರ್ಗವನ್ನು ಭೂಪಟದಲ್ಲಿ ಬೆರಳಿಟ್ಟು ನೋಡಿರಿ. ವಿಕಾರಾಬಾದಿನ ಕಡೆ ಹುಟ್ಟಿ, ತಾಂಡೂರಿನ ಬಳಿ ಹರಿದು, ಸೇಡಂ ತಾಲ್ಲೂಕನ್ನು ಪ್ರವೇಶಿಸುತ್ತದೆ. ಚಿಂಚೋಳಿಯ ಕಡೆಯಿಂದ ಮುಲ್ಲಾಮಾರಿ, ಕಾಳಗಿಯ ಕಡೆಯಿಂದ ಬೆಣ್ಣೆತೊರೆ, ಸೇಡಂ ಕಡೆಯಿಂದ ಕಮಲಾವತಿ ಅದಕ್ಕೆ ನೀರು ತರುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಅದರ ದಂಡೆಯ ಮೇಲಿದೆ. ಚಿತ್ತಾಪುರ ತಾಲ್ಲೂಕನ್ನು ದಾಟಿ ಶಹಾಬಾದಿನ ಸಮೀಪ ಹೊನಗುಂಟಾದ ಬಳಿ ಭೀಮೆಯನ್ನು ಕೂಡುತ್ತದೆ. ಈ ಪಾಠದ ಊರುಗಳೆಲ್ಲ ಒಂದೇ ನೀರಿನ ದಾರಿಗೆ ಕಟ್ಟಿದ ಗಂಟುಗಳು. ಆ ದಿನಗಳಲ್ಲಿ ಭೀಮೆಯೂ ತುಂಬಿದ್ದಳು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಿದ್ದರು. ಕೂಡುವ ನದಿ ತುಂಬಿದ್ದರೆ ಉಪನದಿಯ ನೀರು ಮುಂದೆ ಸರಿಯಲಾರದೆ ಹಿಮ್ಮೆಟ್ಟಿ ಊರುಗಳಿಗೆ ನುಗ್ಗುತ್ತದೆ. ಮಳಖೇಡದ ಸೇತುವೆ ಮುಳುಗಿತು. ಜಯತೀರ್ಥರ ಬೃಂದಾವನದ ಆವರಣಕ್ಕೆ ನೀರು ಹೊಕ್ಕಿತು. ಕಟಾವಿಗೆ ಇನ್ನೂ ತಿಂಗಳುಗಳಿದ್ದ ತೊಗರಿ ನಿಂತಲ್ಲೇ ಕೊಳೆಯಿತು.

ನೆರೆಗೆ ಮೂರು ರಾಜ್ಯಗಳ ಸಂಬಂಧವಿತ್ತು. ಮಳೆ ಅಳೆಯುವವರು ಬೇರೆ, ನದಿಯ ಮಟ್ಟ ಅಳೆಯುವವರು ಬೇರೆ, ಅಣೆಕಟ್ಟಿನ ಬಾಗಿಲು ತೆಗೆಯುವವರು ಬೇರೆ, ಊರಿನಲ್ಲಿ ಡಂಗುರ ಸಾರುವವರು ಬೇರೆ. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಆರಂಭವಾಗಿ ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ನಮ್ಮ ರಾಜ್ಯದ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಅಂಕಿಗಳಿಗೆ ಕೊರತೆಯಿಲ್ಲ. ಆದರೆ "ಇಷ್ಟು ಕ್ಯೂಸೆಕ್ಸ್ ನೀರು ಬಿಡಲಾಗಿದೆ" ಎಂಬ ಸುದ್ದಿ ದಂಡೋತಿಯ ರೈತನಿಗೆ ಏನು ಹೇಳುತ್ತದೆ? ಅವನಿಗೆ ಬೇಕಾದುದು, ಇಂದು ರಾತ್ರಿ ನೀರು ಹನುಮಂತನ ಗುಡಿಯ ಕಟ್ಟೆಗೆ ಬರುತ್ತದೆಯೋ ಇಲ್ಲವೋ, ದನಗಳನ್ನು ಈಗಲೇ ಬಿಚ್ಚಬೇಕೋ ನಾಳೆ ಬಿಚ್ಚಬಹುದೋ ಎಂಬುದು. ಕ್ಯೂಸೆಕ್ಸನ್ನು ಗುಡಿಯ ಕಟ್ಟೆಯ ಭಾಷೆಗೆ ತಿರುಗಿಸಬಲ್ಲವರು ಹಳೆಯ ನೆರೆಗಳನ್ನು ಕಂಡ ಊರಿನ ಹಿರಿಯರು ಮತ್ತು ಮೀನುಗಾರರು. ಎಂಜಿನಿಯರನೂ ಆ ಹಿರಿಯನೂ ಪರಸ್ಪರ ಮಾತನಾಡದಿದ್ದರೆ ಇಬ್ಬರ ಜ್ಞಾನವೂ ವ್ಯರ್ಥ. ಆ ಸುದ್ದಿ ಕನ್ನಡದಲ್ಲಷ್ಟೇ ಅಲ್ಲ, ಲಂಬಾಣಿಯಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿಯೂ ಹೋಗಬೇಕು.

ಸೈನ್ಯವೂ ರಾಷ್ಟ್ರೀಯ ಹಾಗೂ ರಾಜ್ಯ ವಿಪತ್ತು ಪರಿಹಾರ ಪಡೆಗಳೂ ಜಿಲ್ಲೆಗೆ ಬಂದು ಜನರನ್ನು ದೋಣಿಗಳಲ್ಲಿ ದಾಟಿಸಿದವು. ಹಿಂದೆ ಗಂಜಿ ಕೇಂದ್ರವೆಂದು ಕರೆಯುತ್ತಿದ್ದ, ಈಗ ಕಾಳಜಿ ಕೇಂದ್ರವೆಂದು ಕರೆಯುವ ಆಶ್ರಯತಾಣಗಳು ತೆರೆದವು. ಎಲ್ಲಿ? ಮತ್ತೆ ಶಾಲೆಗಳಲ್ಲಿಯೇ. ಮೇ ತಿಂಗಳಿನಲ್ಲಿ "ದೂರ ದೂರ ಕುಳಿತುಕೊಳ್ಳಿರಿ" ಎಂದು ಹೇಳಿದ ಶಾಲೆಗಳಂಥವುಗಳಲ್ಲಿಯೇ ಅಕ್ಟೋಬರಿನಲ್ಲಿ "ಒಳಗೆ ಬನ್ನಿರಿ, ಇನ್ನಷ್ಟು ಜನ ಬರುವವರಿದ್ದಾರೆ" ಎನ್ನಬೇಕಾಯಿತು. ರೋಗದ ನಿಯಮ ಒಂದು, ನೆರೆಯ ಅವಶ್ಯಕತೆ ಇನ್ನೊಂದು. ಇಂತಹ ಇಕ್ಕಟ್ಟನ್ನು ಒಂದೇ ಇಲಾಖೆ ಬಿಡಿಸಲಾರದು. ವೈದ್ಯನೂ ಕಂದಾಯ ಅಧಿಕಾರಿಯೂ ಅದೇ ಅಂಗಳದಲ್ಲಿ ನಿಂತು, ಜ್ವರವಿದ್ದವರಿಗೆ ಯಾವ ಕೋಣೆ, ಬಾಣಂತಿಗೆ ಯಾವ ಕೋಣೆ ಎಂದು ಆ ಕ್ಷಣದಲ್ಲಿಯೇ ತೀರ್ಮಾನಿಸಬೇಕು.

ಇವರನ್ನೆಲ್ಲ ಕೂಡಿಸಲು ಕಾನೂನಿಲ್ಲವೆ? ಉಂಟು. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಪ್ರತಿ ಜಿಲ್ಲೆಯಲ್ಲಿ ಒಂದು ಪ್ರಾಧಿಕಾರವಿರಬೇಕು. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಚುನಾಯಿತ ಸ್ಥಳೀಯ ಪ್ರತಿನಿಧಿ ಸಹಾಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಮೊದಲಾದವರು ಸದಸ್ಯರು. ಕಾನೂನು ಒಂದು ತಲೆಯನ್ನು ಕೊಟ್ಟಿತು. ಆದರೆ ಕಾನೂನಿನ ಹೊರಗಿರುವ ಕೈಗಳೂ ಅನೇಕ: ಮಠಗಳು, ಮಸೀದಿಗಳ ಸಮಿತಿಗಳು, ಕಾರ್ಮಿಕ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ಕಾರ್ಖಾನೆಗಳು. ಇವರಿಗೆ ಯಾರೂ ಆಜ್ಞೆ ಮಾಡಲಾರರು, ಕೇಳಿಕೊಳ್ಳಬಹುದು, ಅಷ್ಟೆ.

ನಮ್ಮ ನೆರೆಯ ತಮಿಳುನಾಡಿನ ನಾಗಪಟ್ಟಿಣದ ನಿದರ್ಶನ ಇಲ್ಲಿ ಉಪಯುಕ್ತ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದ ಮೇಲೆ ಆ ಜಿಲ್ಲೆಗೆ ನೂರಾರು ಸಂಸ್ಥೆಗಳು ಓಡಿಬಂದವು. ಎಲ್ಲರೂ ಅಕ್ಕಿ ತಂದರು, ಎಲ್ಲರೂ ಬಟ್ಟೆ ತಂದರು. ಮೀನುಗಾರ ಹೆಂಗಸರು ಉಡಲಾರದ ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿಯಾಗಿ ಬಿದ್ದವು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ತೆರವು ಮಾಡಲು ಆಳುಗಳು ಬೇಕಾದರು! ಆಗ ಮೀನುಗಾರರ ಒಕ್ಕೂಟವೂ ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳೂ ಜಿಲ್ಲಾಡಳಿತದೊಡನೆ ಕೂಡಿ, 2005ರ ಆರಂಭದಲ್ಲಿ ಜಿಲ್ಲಾಧಿಕಾರಿಯ ಕಚೇರಿಯ ಆವರಣದಲ್ಲಿಯೇ ಒಂದು ಸಮನ್ವಯ ಕೇಂದ್ರವನ್ನು ತೆರೆದವು. ಹೊಸದಾಗಿ ಬಂದ ಸಂಸ್ಥೆಗೆ ಯಾವ ಊರಿನಲ್ಲಿ ಯಾವುದರ ಕೊರತೆಯಿದೆ ಎಂಬುದನ್ನು ತಿಳಿಸುವುದು ಅದರ ಕೆಲಸ. ಅದೇ ವರ್ಷ ವಿಶ್ವಸಂಸ್ಥೆಯೂ ಆಹಾರ, ನೀರು, ವಸತಿ, ಆರೋಗ್ಯ ಎಂದು ವಿಷಯಕ್ಕೊಂದರಂತೆ ಗುಂಪುಗಳನ್ನು ಮಾಡಿ, ಪ್ರತಿ ಗುಂಪಿಗೂ ಒಂದು ಸಂಸ್ಥೆಯನ್ನು ಹೊಣೆಗಾರನನ್ನಾಗಿಸುವ ಪದ್ಧತಿಯನ್ನು ಅಂಗೀಕರಿಸಿತು. ಆ ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ನಡೆದ ಭೂಕಂಪದ ಪರಿಹಾರಕಾರ್ಯದಲ್ಲಿ ಅದನ್ನು ಮೊದಲ ಬಾರಿಗೆ ಪ್ರಯೋಗಿಸಲಾಯಿತು.

ನಮ್ಮಲ್ಲಿಯೂ ದಾನದ ಹರಿವು ರಸ್ತೆಯ ಗುಂಟ ಹೋಗುವುದೇ ಹೆಚ್ಚು. ಡಾಂಬರು ರಸ್ತೆಯ ಪಕ್ಕದ ಊರಿಗೆ ನಾಲ್ಕು ಲಾರಿ ರೊಟ್ಟಿ ಬಂದರೆ, ಕೆಸರುದಾರಿಯ ಕೊನೆಯ ಊರಿಗೆ ಒಂದೂ ಬರುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ನೆರೆಯ ಬಳಿಕ ಸರ್ಕಾರ ಜಾಗ ಕೊಟ್ಟಿತು, ಕಂಪನಿಗಳೂ ಮಠಗಳೂ ದಾನಿಗಳೂ ಮನೆ ಕಟ್ಟಿಕೊಟ್ಟರು. ಅದೊಂದು ದೊಡ್ಡ ಸಹಕಾರವೇ ಸರಿ. ಆದರೂ ಕೆಲವೆಡೆ ಹೊಸ ಮನೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತವು. ಹೊಲ ದೂರವಾಯಿತು, ದನ ಕಟ್ಟಲು ಸ್ಥಳವಿರಲಿಲ್ಲ. ಕೊಡುವವರೆಲ್ಲ ಕೂಡಿ ಮಾತನಾಡಿದ್ದರು. ಪಡೆಯುವವನನ್ನು ಮಾತ್ರ ಕರೆದಿರಲಿಲ್ಲ.

ಕಾರ್ಖಾನೆಗಳ ವಿಷಯವಾಗಿ ಒಂದು ಮಾತು. ಸಿಮೆಂಟ್ ಕಾರ್ಖಾನೆಯೆಂದರೆ ಮಣ್ಣೆತ್ತುವ ಯಂತ್ರ, ವಿದ್ಯುಜ್ಜನಕ, ನೀರಿನ ತೊಟ್ಟಿ, ಔಷಧಾಲಯ, ನೂರಾರು ಲಾರಿಗಳ ಓಡಾಟ. ನೆರೆಯಲ್ಲಿ ರಸ್ತೆ ಕೊಚ್ಚಿಹೋದಾಗ ತಾಲ್ಲೂಕು ಕಚೇರಿಗೆ ಕಂಬಳಿಯ ದೇಣಿಗೆಗಿಂತ ಅಂತಹ ಒಂದು ಯಂತ್ರವೂ ಅದರ ಚಾಲಕನೂ ಹೆಚ್ಚು ಬೇಕಾಗಬಹುದು. ಯಂತ್ರ ಎಲ್ಲಿದೆ, ಯಾರನ್ನು ಕೇಳಬೇಕು, ಡೀಸೆಲ್ಲಿನ ಖರ್ಚು ಯಾರದು ಎಂಬುದನ್ನು ಬೇಸಿಗೆಯಲ್ಲಿಯೇ ಬರೆದಿಟ್ಟುಕೊಂಡಿದ್ದರೆ, ಮಳೆಯ ರಾತ್ರಿಯಲ್ಲಿ ಒಂದು ದೂರವಾಣಿ ಕರೆ ಸಾಕು.

ಕಡೆಯದಾಗಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸಂಗತಿ. ನೆರೆಯ ಮರುವರ್ಷ, 2021ರ ಅಕ್ಟೋಬರಿನಲ್ಲಿ, ಆ ಊರಿನ ನೆಲದಡಿಯಿಂದ ಗುಡುಗಿನಂತಹ ಸದ್ದು ಕೇಳತೊಡಗಿತು. ಭೂಮಿ ಮತ್ತೆ ಮತ್ತೆ ನಡುಗಿತು. ಪಕ್ಕದ ಮಹಾರಾಷ್ಟ್ರದಲ್ಲಿ 1993ರ ಸೆಪ್ಟೆಂಬರ್ 30ರಂದು ಕಿಲಾರಿಯ ಭೂಕಂಪ ಸಾವಿರಾರು ಜನರನ್ನು ಬಲಿತೆಗೆದುಕೊಂಡದ್ದು ಈ ಸೀಮೆಯವರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ನೆಂಟರ ಮನೆಗಳಿಗೆ ಹೋದವು. ಇಲ್ಲಿ ಹಸಿವಿಗಿಂತ ಹೆದರಿಕೆ ದೊಡ್ಡದಾಗಿತ್ತು. "ಈ ಸದ್ದು ಏನು?" ಎಂಬ ಪ್ರಶ್ನೆಗೆ ತಹಶೀಲ್ದಾರರಲ್ಲಿ ಉತ್ತರವಿರಲಾರದು, ಭೂವಿಜ್ಞಾನಿಗಳಲ್ಲಿ ಇರಬಹುದು. ವಿಕೋಪ ಉಸ್ತುವಾರಿ ಕೇಂದ್ರದವರೂ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರೂ ಬಂದು ಕಂಪನಮಾಪಕಗಳನ್ನು ಇರಿಸಿದರು. ಮಳೆಯ ನೀರು ಬಂಡೆಗಳ ಬಿರುಕಿಗೆ ಇಳಿದು ಒತ್ತಡ ಹೆಚ್ಚಿದಾಗ ಇಂತಹ ಸಣ್ಣ ಕಂಪನಗಳು ಆಗಬಹುದೆಂಬುದು ವಿಜ್ಞಾನದ ಒಂದು ವಿವರಣೆ. ಆದರೆ ವಿಜ್ಞಾನಿಯು ಕಾಗದದ ಮೇಲಿನ ಗೆರೆಗಳನ್ನು ತೋರಿಸಿ ಹೊರಟುಹೋದರೆ, ಅಂದಿನ ರಾತ್ರಿಯೂ ಮಕ್ಕಳು ಬಯಲಿನಲ್ಲಿಯೇ ಮಲಗುತ್ತಾರೆ. ಬಿರುಕುಬಿಟ್ಟ ಗೋಡೆಯ ಮನೆ ಯಾವುದು, ಅದರೊಳಗೆ ಮಲಗಬಹುದೇ ಬಾರದೇ, ಮಲಗಬಾರದೆಂದಾದರೆ ತಗಡಿನ ಷೆಡ್ಡು ಎಲ್ಲಿ ಎಂಬುದನ್ನು ಎಂಜಿನಿಯರು, ಕಂದಾಯ ನಿರೀಕ್ಷಕ, ಪಂಚಾಯಿತಿಯ ಸದಸ್ಯ ಮೂವರೂ ಓಣಿಯಲ್ಲಿ ನಡೆಯುತ್ತ, ಮನೆಯವರ ಎದುರಿಗೇ ಹೇಳಬೇಕಾಗುತ್ತದೆ.